ಸೋತು ಕಟ್ಟುವವರ ಲೆಕ್ಕ: ಬ್ಯಾಸ್ಕೆಟ್‌ಬಾಲ್ ಜನರಲ್ ಮ್ಯಾನೇಜರ್‌ಗೆ ಅಂಕ ಕೊಡುವುದು ಹೇಗೆ?

2021ರ ಡಿಸೆಂಬರ್ 2ರ ರಾತ್ರಿ ಓಕ್ಲಹೋಮಾ ಸಿಟಿ ಥಂಡರ್ ತಂಡ ಮೆಂಫಿಸ್‌ನಲ್ಲಿ 152–79ರಿಂದ ಸೋತಿತು. ಅಂತರ 73 ಅಂಕ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಚರಿತ್ರೆಯಲ್ಲಿ ಅಲ್ಲಿಯವರೆಗೆ ಯಾವ ತಂಡವೂ ಅಷ್ಟು ಅಂತರದಲ್ಲಿ ಸೋತಿರಲಿಲ್ಲ. ತಂಡದ ಮುಖ್ಯ ಆಟಗಾರ ಶೇ ಗಿಲ್ಜಸ್-ಅಲೆಕ್ಸಾಂಡರ್ ಪೆಟ್ಟು ಬಿದ್ದು ಹೊರಗಿದ್ದರು ನಿಜ, ಆದರೆ ಎದುರಾಳಿಯ ತಾರೆ ಜಾ ಮೊರಾಂಟ್ ಕೂಡ ಅಂದು ಆಡಿರಲಿಲ್ಲ. ಮೂರೂವರೆ ವರ್ಷ ಕಳೆದು 2025ರ ಜೂನ್ 22ರಂದು ಅದೇ ತಂಡ ಚಾಂಪಿಯನ್ ಆಯಿತು. ಸೋತ ರಾತ್ರಿ ಜನರಲ್ ಮ್ಯಾನೇಜರ್, ಅಂದರೆ ಆಟಗಾರರನ್ನು ತರುವ, ಬಿಡುವ ಹೊಣೆ ಹೊತ್ತವರು, ಆಗಿದ್ದವರು ಸ್ಯಾಮ್ ಪ್ರೆಸ್ಟಿ, ಗೆದ್ದ ರಾತ್ರಿಯೂ ಅವರೇ. ಕೋಚ್ ಕೂಡ ಬದಲಾಗಿರಲಿಲ್ಲ.

ಈ ಕಥೆ ಈಗ ಸೋಲುತ್ತಿರುವ ತಂಡಗಳ ಆಡಳಿತಕ್ಕೆಲ್ಲ ಅಚ್ಚುಮೆಚ್ಚು. ತಾಳಿದವನು ಬಾಳಿಯಾನು ಎಂಬ ಮಾತನ್ನು ಟಿಕೆಟ್ ಜೊತೆಗೇ ಮಾರುತ್ತಾರೆ. ತೊಂದರೆ ಏನೆಂದರೆ, ತಾಳಿದವರಲ್ಲಿ ಬಾಳಿದವರು ಬಹಳ ಕಡಿಮೆ. ಹಾಗಾದರೆ ತಂಡ ಇನ್ನೂ ಸೋಲುತ್ತಿರುವಾಗಲೇ, ಅದನ್ನು ಕಟ್ಟುತ್ತಿರುವ ಮನುಷ್ಯ ಕೆಲಸ ಬಲ್ಲವನೋ ಅಥವಾ ಕಾಲ ತಳ್ಳುತ್ತಿದ್ದಾನೋ ಎಂದು ಗುರುತಿಸುವುದು ಹೇಗೆ? ಗೆಲುವು-ಸೋಲಿನ ಪಟ್ಟಿ ನೋಡಿ ಹೇಳಲಾಗದು, ಅದು ಉದ್ದೇಶಪೂರ್ವಕವಾಗಿ ಹಾಳಾದ ಪಟ್ಟಿ. ಕೂಡಿಟ್ಟ ಡ್ರಾಫ್ಟ್ ಪಿಕ್‌ಗಳನ್ನು (ಹೊಸ ಆಟಗಾರರನ್ನು ಆರಿಸುವ ಸರದಿಗಳನ್ನು) ಎಣಿಸಿದರೂ ಉತ್ತರ ಸಿಗದು. ಸೋಲುವುದಕ್ಕೆ ವಿಶೇಷ ಪ್ರತಿಭೆ ಬೇಕಿಲ್ಲ. ಸೋಲಿನಾಚೆ ಬೇರೆ ಎಷ್ಟು ದಾರಿ ತೆರೆದಿಟ್ಟರು, ಸೋಲನ್ನು ಯಾವಾಗ ನಿಲ್ಲಿಸಿದರು, ಇವೆರಡನ್ನು ನೋಡಿ ಅಂಕ ಕೊಡಬೇಕು ಎನ್ನುವುದು ನನ್ನ ವಾದ.

ಮೊದಲು, ಸೋತರೆ ಲಾಭ ಏಕೆ ಎಂಬುದು. ಎನ್‌ಬಿಎಯಲ್ಲಿ ಹೊಸ ಆಟಗಾರರು ಡ್ರಾಫ್ಟ್ ಮೂಲಕ ಬರುತ್ತಾರೆ. ಅಲ್ಲಿ ಹಣ ಕೂಗುವ ಹರಾಜಿಲ್ಲ, ಸರದಿ ಇದೆ. ಆ ಸರದಿಯೇ ಪಿಕ್. ಆಟಗಾರರಂತೆ ಪಿಕ್‌ಗಳನ್ನೂ ತಂಡಗಳು ಒಂದಕ್ಕೊಂದು ಕೊಟ್ಟು ವ್ಯಾಪಾರ ಮಾಡಬಹುದು. 2019ರ ನಿಯಮದಂತೆ, ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ತಲುಪದ 14 ತಂಡಗಳ ನಡುವೆ ಲಾಟರಿ ಎತ್ತಿ ಮೊದಲ ನಾಲ್ಕು ಸ್ಥಾನ ಹಂಚುತ್ತಾರೆ. ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. ಅಂಕಣದಲ್ಲಿ ಒಂದು ತಂಡದಿಂದ ಐದೇ ಜನ ಇರುವ ಆಟವಾದ್ದರಿಂದ ಒಬ್ಬ ಅಸಾಮಾನ್ಯ ಆಟಗಾರ ಸಿಕ್ಕರೆ ಇಡೀ ತಂಡದ ಹಣೆಬರಹ ಬದಲಾಗುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಸಂಬಳ ನಾಲ್ಕು ವರ್ಷ ನಿಗದಿತ ದರದಲ್ಲೇ ಇರುತ್ತದೆ, ಅಂದರೆ ಅವನ ನಿಜ ಬೆಲೆಗಿಂತ ಬಹಳ ಅಗ್ಗ. ತಂಡದ ಒಟ್ಟು ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ ಈ ಅಗ್ಗವೇ ದೊಡ್ಡ ಆಸ್ತಿ. ಹೀಗಾಗಿ ಮಧ್ಯದಲ್ಲಿ ಒದ್ದಾಡುವುದಕ್ಕಿಂತ ತಳಕ್ಕಿಳಿಯುವುದು ವಾಸಿ ಎಂಬ ಯೋಚನೆ ಹುಟ್ಟಿತು. ಅದಕ್ಕೆ ಅಲ್ಲಿ ಟ್ಯಾಂಕಿಂಗ್ ಎನ್ನುತ್ತಾರೆ.

ಲೀಗ್ ಸುಮ್ಮನಿರಲಿಲ್ಲ. 2018ರವರೆಗೆ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಪಿಕ್ ಸಿಗುವ ಸಾಧ್ಯತೆ ಶೇ 25 ಇತ್ತು. 2019ರಿಂದ ಕೊನೆಯ ಮೂರೂ ತಂಡಗಳಿಗೆ ತಲಾ ಶೇ 14 ಎಂದಾಯಿತು. ಆ ನಿಯಮದಲ್ಲಿ ಕಟ್ಟಕಡೆಯ ತಂಡ ಐದನೇ ಸ್ಥಾನಕ್ಕೆ ಜಾರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಡೆಟ್ರಾಯಿಟ್ 2023ರಲ್ಲೂ 2024ರಲ್ಲೂ ಲೀಗ್‌ನ ಕೊನೆಯ ತಂಡವಾಗಿ ಎರಡೂ ಸಲ ಐದನೇ ಪಿಕ್ ಪಡೆಯಿತು. 2025ರಲ್ಲಿ 65 ಪಂದ್ಯ ಸೋತ ಯೂಟಾ ಜಾಝ್‌ಗೂ ಅದೇ ಗತಿ. ಆ ವರ್ಷ ಮೊದಲ ಪಿಕ್ ಸಿಕ್ಕಿದ್ದು ಶೇ 1.8ರಷ್ಟು ಮಾತ್ರ ಅವಕಾಶವಿದ್ದ ಡಲಾಸ್ ಮ್ಯಾವರಿಕ್ಸ್‌ಗೆ.

ಡಲಾಸ್ ಪ್ರಸಂಗವನ್ನು ಸ್ವಲ್ಪ ನಿಂತು ನೋಡಬೇಕು. ಅಲ್ಲಿನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ 2025ರ ಫೆಬ್ರವರಿಯಲ್ಲಿ 25 ವರ್ಷದ ಲೂಕಾ ಡಾನ್ಚಿಚ್‌ರನ್ನು ಲೇಕರ್ಸ್‌ಗೆ ಕೊಟ್ಟು, ಅವರಿಗಿಂತ ಆರು ವರ್ಷ ಹಿರಿಯ ಆಂಥನಿ ಡೇವಿಸ್‌ರನ್ನು ತಂದರು. ಊರಿಗೆ ಊರೇ ಸಿಡಿದೆದ್ದಿತು. ಮೂರು ತಿಂಗಳಿಗೆ ಲಾಟರಿ ಒಲಿದು, ಮೊದಲ ಪಿಕ್ ಆಗಿ ಕೂಪರ್ ಫ್ಲ್ಯಾಗ್ ಬಂದರು. ಕೆಲವರು ಆಗ ಹ್ಯಾರಿಸನ್ ಬಗ್ಗೆ ಮೆತ್ತಗಾದರು. ಆದರೆ ಶೇ 1.8ರ ಅದೃಷ್ಟ ಫೆಬ್ರವರಿಯ ನಿರ್ಧಾರವನ್ನು ಒಂದು ಗುಲಗಂಜಿಯಷ್ಟೂ ಉತ್ತಮಗೊಳಿಸುವುದಿಲ್ಲ. ಮಾಲೀಕರೂ ಹಾಗೇ ಎಣಿಸಿದರೋ ಏನೋ, ನವೆಂಬರ್‌ನಲ್ಲಿ ಅವರನ್ನು ಮನೆಗೆ ಕಳಿಸಿದರು. ನಿರ್ಧಾರವನ್ನು ಅದರ ಫಲಿತಾಂಶದಿಂದ ಬೇರ್ಪಡಿಸಿ ನೋಡದಿದ್ದರೆ ನಾವು ಮ್ಯಾನೇಜರ್‌ಗೆ ಅಂಕ ಕೊಡುತ್ತಿಲ್ಲ, ಲಾಟರಿ ಚೆಂಡುಗಳಿಗೆ ಕೊಡುತ್ತಿದ್ದೇವೆ.

ಇನ್ನು ಈ ಚರ್ಚೆಯ ಮೂಲಪುರುಷನಿಗೆ ಬರೋಣ. ಸ್ಯಾಮ್ ಹಿಂಕಿ 2013ರಲ್ಲಿ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ನ ಹೊಣೆ ಹೊತ್ತರು. ಅವರ ಕಾಲದ ಮೂರು ಸೀಸನ್‌ಗಳಲ್ಲಿ ತಂಡ ಗೆದ್ದದ್ದು 19, 18, 10. ಒಟ್ಟು 47 ಗೆಲುವು, 199 ಸೋಲು. 2016ರ ಏಪ್ರಿಲ್‌ನಲ್ಲಿ 13 ಪುಟಗಳ ಪತ್ರ ಬರೆದು ಹೊರನಡೆದರು. ಅಂದಿನಿಂದ ಅವರನ್ನು ದಾರ್ಶನಿಕ ಎನ್ನುವವರದ್ದೊಂದು ಗುಂಪು, ಆಟವನ್ನು ಅವಮಾನಿಸಿದ ಲೆಕ್ಕಿಗ ಎನ್ನುವವರದ್ದೊಂದು ಗುಂಪು. ಎರಡೂ ಗುಂಪು ಸೋಲಿನ ಬಗ್ಗೆಯೇ ಮಾತಾಡುತ್ತವೆ. ವ್ಯಾಪಾರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕಾಣುವುದು ಬೇರೆ.

ಹಿಂಕಿಗೆ ಬೆಲೆ ಗೊತ್ತಾಗುತ್ತಿತ್ತು. ಅವರ ಮೊದಲ ಆಯ್ಕೆಗಳಲ್ಲಿ ಒಬ್ಬರಾದ ಮೈಕೆಲ್ ಕಾರ್ಟರ್-ವಿಲಿಯಮ್ಸ್ 2014ರಲ್ಲಿ ವರ್ಷದ ಶ್ರೇಷ್ಠ ರೂಕಿ (ಮೊದಲ ವರ್ಷದ ಆಟಗಾರ) ಪ್ರಶಸ್ತಿ ಗೆದ್ದರು. ಆದರೆ ಹಾಳೂರಿಗೆ ಉಳಿದವನೇ ಗೌಡ. ಗೆಲ್ಲುವ ಆಸೆಯೇ ಇಲ್ಲದ ತಂಡದಲ್ಲೂ ಯಾರಾದರೂ ಚೆಂಡು ಹಿಡಿದು ಅಂಕ ಗಳಿಸಲೇಬೇಕಲ್ಲ. ಹಿಂಕಿ ಆ ಅಂಕಿಗಳಿಗೆ ಮರುಳಾಗದೆ, ಪ್ರಶಸ್ತಿಯ ಬಿಸಿ ಆರುವ ಮೊದಲೇ 2015ರ ಫೆಬ್ರವರಿಯಲ್ಲಿ ಅವರನ್ನು ಬಿಟ್ಟುಕೊಟ್ಟು ಲೇಕರ್ಸ್‌ನ ಮುಂದಿನ ಪಿಕ್ ಒಂದನ್ನು ತಂದರು. ಕಾರ್ಟರ್-ವಿಲಿಯಮ್ಸ್ ಆಮೇಲೆ ಆ ಎತ್ತರಕ್ಕೆ ಮರಳಲಿಲ್ಲ. ಸೋಲುವ ತಂಡದ ಮ್ಯಾನೇಜರ್ ತನ್ನದೇ ತಾರೆಯನ್ನು ಹೇಗೆ ತೂಗುತ್ತಾನೆ ಎಂಬುದು ಒಳ್ಳೆಯ ಪರೀಕ್ಷೆ, ಹಿಂಕಿ ಅದರಲ್ಲಿ ತೇರ್ಗಡೆಯಾದರು. ಅದೇ ವರ್ಷ ಜುಲೈನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಸಂಬಳದ ಹೊರೆ ಇಳಿಸಿಕೊಳ್ಳುವ ಆತುರವಿತ್ತು. ಹಿಂಕಿ ಅವರ ಬೇಡವಾದ ಕಾಂಟ್ರ್ಯಾಕ್ಟ್‌ಗಳನ್ನು ಹೊತ್ತುಕೊಂಡು, ಕೂಲಿಯಾಗಿ ಒಂದು ಮೊದಲ ಸುತ್ತಿನ ಪಿಕ್ಕನ್ನೂ ಕಿಂಗ್ಸ್‌ನ ಪಿಕ್ ತಮ್ಮದಕ್ಕಿಂತ ಮೇಲಿದ್ದರೆ ಎರಡು ವರ್ಷ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಪಡೆದರು. ತಮ್ಮ ಕೈಯಿಂದ ಕೊಟ್ಟದ್ದು ಹೆಚ್ಚುಕಡಿಮೆ ಏನೂ ಇಲ್ಲ.

ಸೋತದ್ದು ಎಲ್ಲಿ? ನೆರ್ಲೆನ್ಸ್ ನೊಯೆಲ್, ಜೊಯೆಲ್ ಎಂಬೀಡ್, ಜಲೀಲ್ ಒಕಾಫರ್: ಮೂರು ವರ್ಷದಲ್ಲಿ ಮೂವರು, ಮೂವರೂ ಸೆಂಟರ್‌ಗಳು, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದವರು. ಎಂಬೀಡ್ ಪಾದದ ಪೆಟ್ಟಿನಿಂದ ಮೊದಲ ಎರಡು ಸೀಸನ್ ಆಡಲೇ ಇಲ್ಲ, ಆದ್ದರಿಂದ ಇನ್ನೊಬ್ಬ ಸೆಂಟರ್ ಇರಲಿ ಎನ್ನುವುದಕ್ಕೆ ಅರ್ಥವಿತ್ತು ಎಂದು ವಾದಿಸಬಹುದು. ನನಗೆ ಒಪ್ಪಿಗೆಯಿಲ್ಲ. ಒಕಾಫರ್ ನಂತರದ ಸರದಿಯಲ್ಲೇ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ನ್ಯೂಯಾರ್ಕ್ ಪಾಲಾದರು. ಅದಕ್ಕಿಂತ ದೊಡ್ಡ ಕೊರತೆ, ಇಪ್ಪತ್ತು ದಾಟಿದ ಹುಡುಗರ ಗುಂಪಿನಲ್ಲಿ ದಾರಿ ತೋರುವ ಅನುಭವಿಗಳೇ ಇರಲಿಲ್ಲ. ಸೋಲು ಅಭ್ಯಾಸವಾದ ಕೋಣೆಯಲ್ಲಿ ಒಬ್ಬ ಹುಡುಗ ಏನು ಕಲಿಯುತ್ತಾನೆ ಎಂಬುದಕ್ಕೆ ಹಿಂಕಿಯ ಲೆಕ್ಕದ ಪುಸ್ತಕದಲ್ಲಿ ಅಂಕಣವೇ ಇದ್ದಂತಿಲ್ಲ. ಮತ್ತೊಂದು, ಮಾಲೀಕರ ತಾಳ್ಮೆಯನ್ನು ಅವರು ಮುಗಿಯದ ನಿಧಿ ಎಂದುಕೊಂಡರು. 2015ರ ಡಿಸೆಂಬರ್‌ನಲ್ಲಿ ಹಿರಿಯ ಆಡಳಿತಗಾರ ಜೆರ್ರಿ ಕೊಲಾಂಜೆಲೊರನ್ನು ಅವರ ತಲೆಯ ಮೇಲೆ ತಂದು ಕೂರಿಸಿದಾಗಲೇ ಆಟ ಮುಗಿದಿತ್ತು. ಮಾಲೀಕರನ್ನು ಜೊತೆಯಲ್ಲಿಟ್ಟುಕೊಳ್ಳುವುದೂ ಯೋಜನೆಯ ಭಾಗವೇ. ನನ್ನ ಲೆಕ್ಕ ಸರಿಯಿತ್ತು, ಅವರು ಕಾಯಲಿಲ್ಲ ಎಂದರೆ ಅರ್ಧ ಲೆಕ್ಕ ಮಾತ್ರ ಸರಿಯಿತ್ತು ಎಂದರ್ಥ.

ಅವರು ಬಿಟ್ಟುಹೋದ ಆಸ್ತಿ ಏನಾಯಿತು? 2017ರ ಲಾಟರಿಯಲ್ಲಿ ಸ್ಯಾಕ್ರಮೆಂಟೊದ ಪಿಕ್ ಮೂರನೇ ಸ್ಥಾನಕ್ಕೆ ಜಿಗಿಯಿತು, ಅದಲುಬದಲಿನ ಹಕ್ಕಿನಿಂದ ಅದು ಫಿಲಡೆಲ್ಫಿಯಾಗೆ ಬಂತು. ಹಿಂಕಿಯ ಜಾಗಕ್ಕೆ ಬಂದ ಬ್ರಯಾನ್ ಕೊಲಾಂಜೆಲೊ ಆ ಮೂರನೇ ಪಿಕ್ ಜೊತೆಗೆ ಇನ್ನೊಂದು ಮೊದಲ ಸುತ್ತಿನ ಪಿಕ್ ಸೇರಿಸಿ ಬಾಸ್ಟನ್‌ಗೆ ಕೊಟ್ಟು, ಮೊದಲ ಪಿಕ್ ಪಡೆದು ಮಾರ್ಕೆಲ್ ಫುಲ್ಟ್ಜ್‌ರನ್ನು ಆರಿಸಿದರು. ಬಾಸ್ಟನ್ ಮೂರನೆಯವರಾಗಿ ಜೇಸನ್ ಟೇಟಮ್‌ರನ್ನು ಆರಿಸಿತು. ಫುಲ್ಟ್ಜ್ ಭುಜದ ತೊಂದರೆಯಿಂದ ಚೆಂಡು ಎಸೆಯುವುದನ್ನೇ ಮರೆತಂತಾದರು, ಟೇಟಮ್ 2024ರಲ್ಲಿ ಚಾಂಪಿಯನ್ ಆದರು. ಕಾರ್ಟರ್-ವಿಲಿಯಮ್ಸ್‌ಗೆ ಬದಲಾಗಿ ಬಂದಿದ್ದ ಲೇಕರ್ಸ್ ಪಿಕ್ 2018ರಲ್ಲಿ ಹತ್ತನೇ ಸ್ಥಾನದಲ್ಲಿ ಮಿಕಾಲ್ ಬ್ರಿಜಸ್ ಆಯಿತು. ಅದೇ ರಾತ್ರಿ ಅವರನ್ನು ಫೀನಿಕ್ಸ್‌ಗೆ ದಾಟಿಸಿ ಝೈರ್ ಸ್ಮಿತ್ ಎಂಬ ಹುಡುಗನನ್ನೂ ಮಯಾಮಿಯ 2021ರ ಪಿಕ್ಕನ್ನೂ ತಂದರು. ಆ ಮಯಾಮಿ ಪಿಕ್ ಮುಂದೆ ಕ್ಲಿಪ್ಪರ್ಸ್‌ಗೆ ಹೋಯಿತು, ಕ್ಲಿಪ್ಪರ್ಸ್ ಕೈಯಿಂದ ಯಾರ ಕೈ ಸೇರಿತು ಗೊತ್ತೇ? ಸ್ಯಾಮ್ ಪ್ರೆಸ್ಟಿಯದು. ಹೀಗೆ ಒಂದು ಚೀಟಿಯ ಬೆನ್ನುಹತ್ತಿ ಹೋದರೆ, ಹಿಂಕಿ ಬಿತ್ತಿದ್ದನ್ನು ಹಿಂಕಿಯ ಉತ್ತರಾಧಿಕಾರಿಗಳು ಕೊಯ್ದದ್ದಕ್ಕಿಂತ ನೆರೆಹೊರೆಯವರು ಕೊಯ್ದದ್ದೇ ಹೆಚ್ಚು ಎಂದು ಕಾಣುತ್ತದೆ. ಎಂಬೀಡ್ 2023ರಲ್ಲಿ ಎಂವಿಪಿ (ಸೀಸನ್‌ನ ಅತ್ಯಮೂಲ್ಯ ಆಟಗಾರ) ಆದರೂ ಅವರ ಕಾಲದ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ. ಇದರಲ್ಲಿ ಹಿಂಕಿಯ ಪಾಲೆಷ್ಟು? ಫುಲ್ಟ್ಜ್ ಅವರ ತಪ್ಪಲ್ಲ. ತನ್ನ ಸರಕನ್ನು ಖರ್ಚು ಮಾಡುವ ದಿನಕ್ಕೆ ತಾನೇ ಇರದಂತೆ ಯೋಜನೆ ಮಾಡಿದ್ದು ಅವರ ತಪ್ಪು.

ಪ್ರೆಸ್ಟಿಯನ್ನು ಹಿಂಕಿಯ ಪಕ್ಕ ನಿಲ್ಲಿಸುವವರು ಇಬ್ಬರೂ ಪಿಕ್ ಕೂಡಿಟ್ಟರು, ಇಬ್ಬರೂ ಸೋತರು, ಒಬ್ಬರಿಗೆ ಕಾಲಾವಕಾಶ ಸಿಕ್ಕಿತು ಎನ್ನುತ್ತಾರೆ. ಚಾಂಪಿಯನ್ ತಂಡದ ಆಟಗಾರರು ಎಲ್ಲಿಂದ ಬಂದರು ಎಂದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 2019ರ ಜುಲೈನಲ್ಲಿ ಓಕ್ಲಹೋಮಾ ಸಿಟಿಯ ತಾರೆ ಪಾಲ್ ಜಾರ್ಜ್ ಕ್ಲಿಪ್ಪರ್ಸ್‌ಗೆ ಹೋಗಬೇಕೆಂದರು. ಇನ್ನೊಬ್ಬ ತಾರೆ ಕವಾಯ್ ಲೆನರ್ಡ್ ಬರಬೇಕಾದರೆ ಜಾರ್ಜ್ ಬೇಕೇ ಬೇಕು ಎಂಬ ಇಕ್ಕಟ್ಟಿನಲ್ಲಿ ಕ್ಲಿಪ್ಪರ್ಸ್ ಇತ್ತು. ಕೊಳ್ಳುವವನ ಗಂಟಲು ಒಣಗಿದ್ದಾಗ ನೀರಿನ ಬೆಲೆ ಹೇಳುವುದು ಪ್ರೆಸ್ಟಿಗೆ ಗೊತ್ತು. ಐದು ಮೊದಲ ಸುತ್ತಿನ ಪಿಕ್, ಎರಡು ಅದಲುಬದಲು ಹಕ್ಕು, ಡ್ಯಾನಿಲೊ ಗ್ಯಾಲಿನಾರಿ, ಅವರ ಜೊತೆಗೆ ಒಂದೇ ಸೀಸನ್ ಆಡಿ ಪಂದ್ಯಕ್ಕೆ ಸರಾಸರಿ 10.8 ಅಂಕ ಗಳಿಸಿದ್ದ ಹುಡುಗ ಶೇ ಗಿಲ್ಜಸ್-ಅಲೆಕ್ಸಾಂಡರ್. ಆರು ವರ್ಷಕ್ಕೆ ಅದೇ ಹುಡುಗ ಒಂದೇ ಸೀಸನ್‌ನಲ್ಲಿ ಎಂವಿಪಿ, ಫೈನಲ್ಸ್ ಎಂವಿಪಿ ಎರಡೂ ಆದರು. ಜೇಲನ್ ವಿಲಿಯಮ್ಸ್ 2022ರ 12ನೇ ಪಿಕ್, ಅದೂ ಕ್ಲಿಪ್ಪರ್ಸ್‌ನಿಂದ ಬಂದ ಚೀಟಿ. ಲೂ ಡಾರ್ಟ್‌ರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ. ಇಸಾಯಾ ಹಾರ್ಟನ್‌ಸ್ಟೈನ್ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಒಪ್ಪಂದದಲ್ಲಿ ಬಂದವರು. ಅತಿ ಹೆಚ್ಚು ಸೋತದ್ದಕ್ಕೆ ನೇರ ಪ್ರತಿಫಲವಾಗಿ ಬಂದ ದೊಡ್ಡ ಹೆಸರು 2022ರ ಎರಡನೇ ಪಿಕ್ ಚೆಟ್ ಹೋಮ್‌ಗ್ರೆನ್ ಒಬ್ಬರೇ.

ಎಂದರೆ ಓಕ್ಲಹೋಮಾ ಸಿಟಿಗೆ ಸೋಲು ಒಂದು ದಾರಿ ಮಾತ್ರ, ಮುಖ್ಯ ದಾರಿಯೂ ಅಲ್ಲ. ಜಾರ್ಜ್ ಮತ್ತು ರಸೆಲ್ ವೆಸ್ಟ್‌ಬ್ರೂಕ್ ಇಬ್ಬರನ್ನೂ ಬಿಟ್ಟುಕೊಟ್ಟ ಮೊದಲ ವರ್ಷ ತಂಡ ಪಾತಾಳಕ್ಕಿಳಿಯಲಿಲ್ಲ. ವೆಸ್ಟ್‌ಬ್ರೂಕ್‌ಗೆ ಬದಲಾಗಿ ಬಂದ ಕ್ರಿಸ್ ಪಾಲ್ ಮುಂದಾಳತ್ವದಲ್ಲಿ 44–28 (ಗೆಲುವು–ಸೋಲು) ಗಳಿಸಿ ಪ್ಲೇಆಫ್‌ಗೆ ಹೋಯಿತು. ಹುಡುಗರು ಒಬ್ಬ ಗುರುವಿನ ಕೈಕೆಳಗೆ ಕಲಿತರು, ಗುರುವಿನ ಬೆಲೆಯೂ ಏರಿತು, ಆಮೇಲೆ ಅವರನ್ನು ಫೀನಿಕ್ಸ್‌ಗೆ ದಾಟಿಸಿದರು. ನಿಜವಾಗಿ ಕೆಟ್ಟ ಸೀಸನ್‌ಗಳು ಎರಡೇ: 22–50, 24–58. ಮುಂದಿನದು 40–42, ಆಮೇಲೆ 57–25, ಆಮೇಲೆ 68–14.

ಪ್ರೆಸ್ಟಿಯ ಅತ್ಯುತ್ತಮ ನಿರ್ಧಾರ ಯಾವುದೆಂದು ಕೇಳಿದರೆ ಬಹಳ ಜನ ಜಾರ್ಜ್ ವ್ಯಾಪಾರ ಎನ್ನುತ್ತಾರೆ. ನಾನು 2024ರ ಜೂನ್ ಎನ್ನುತ್ತೇನೆ. ಜಾಶ್ ಗಿಡ್ಡಿ ಅವರೇ 2021ರಲ್ಲಿ ಆರನೇ ಪಿಕ್ ಆಗಿ ಆರಿಸಿದ್ದ ಹುಡುಗ, ವಯಸ್ಸು ಇನ್ನೂ 21. ದೂರದಿಂದ ಎಸೆಯಲು ಬಾರದ ಅವರನ್ನು ಪ್ಲೇಆಫ್‌ನಲ್ಲಿ ಎದುರಾಳಿಗಳು ಅಡ್ಡಗಟ್ಟುವುದನ್ನೇ ಬಿಟ್ಟಿದ್ದರು. ಪ್ರೆಸ್ಟಿ ಅವರನ್ನು ಕೊಟ್ಟು 30 ವರ್ಷದ ಅಲೆಕ್ಸ್ ಕರೂಸೊರನ್ನು ತಂದರು. ವಯಸ್ಸಿನ ಲೆಕ್ಕದಲ್ಲಿ ಇದು ಹಿಂದಕ್ಕೆ ಹೆಜ್ಜೆ. ಆದರೆ ಕೂಡಿಡುವ ಕಾಲ ಮುಗಿಯಿತು, ಖರ್ಚು ಮಾಡುವ ಕಾಲ ಬಂತು ಎಂದು ಗುರುತಿಸಿದವರು ಮಾತ್ರ ಇಡುವ ಹೆಜ್ಜೆ. ತಾನೇ ಆರಿಸಿದವನ ಮೇಲಿನ ವ್ಯಾಮೋಹ ಬಿಡುವುದು ಎಷ್ಟೋ ಮ್ಯಾನೇಜರ್‌ಗಳಿಗೆ ಸಾಧ್ಯವಾಗಿಲ್ಲ.

ಪ್ರೆಸ್ಟಿಗೂ ಅದೃಷ್ಟ ಒಲಿದಿತ್ತು. ಗಿಲ್ಜಸ್-ಅಲೆಕ್ಸಾಂಡರ್ ಎಂವಿಪಿ ಆಗುತ್ತಾರೆಂದು 2019ರಲ್ಲಿ ಯಾರೂ ಹೇಳಿರಲಿಲ್ಲ. ಇದೇ ಪ್ರೆಸ್ಟಿ 2012ರಲ್ಲಿ ಫೈನಲ್ ಆಡಿದ ಬೆನ್ನಿಗೇ, ಮುಂದೆ ದೊಡ್ಡ ತಾರೆಯಾದ ಜೇಮ್ಸ್ ಹಾರ್ಡನ್‌ರನ್ನು ಬಿಟ್ಟುಕೊಟ್ಟವರು, ಆ ತಪ್ಪಿನ ಬೆಲೆ ಹಲವು ವರ್ಷ ತೆತ್ತರು. ಒಂದೇ ಚೀಟಿಯ ಮೇಲೆ ಬದುಕು ಕಟ್ಟದೆ ಹತ್ತು ಕಡೆ ಸಣ್ಣ ಸಣ್ಣ ಚೀಟಿ ಹಾಕಿದವರಿಗೆ ಅದೃಷ್ಟ ಹುಡುಕಿಕೊಂಡು ಬರುವ ಬಾಗಿಲುಗಳು ಹೆಚ್ಚು, ಅಷ್ಟೆ.

ಡೆಟ್ರಾಯಿಟ್ ಪಿಸ್ಟನ್ಸ್ ಕಥೆ ಇನ್ನೊಂದು ಬಗೆಯದು. ಜನರಲ್ ಮ್ಯಾನೇಜರ್ ಟ್ರಾಯ್ ವೀವರ್ ಕಾಲದ ನಾಲ್ಕು ಸೀಸನ್‌ಗಳಲ್ಲಿ 74 ಗೆಲುವು, 244 ಸೋಲು. ಕೊನೆಯ ಸೀಸನ್‌ನಲ್ಲಿ ಸತತ 28 ಸೋಲು, ಒಟ್ಟು 14 ಗೆಲುವು. ವೀವರ್ ಹೋದರು, ಆರು ವರ್ಷಕ್ಕೆ 7.85 ಕೋಟಿ ಡಾಲರ್ ಒಪ್ಪಿ ಕರೆತಂದಿದ್ದ ಕೋಚ್ ಮಾಂಟಿ ವಿಲಿಯಮ್ಸ್ ಒಂದೇ ಸೀಸನ್‌ಗೆ ಹೋದರು. ಹೊಣೆ ಹೊತ್ತ ಟ್ರೇಜನ್ ಲ್ಯಾಂಗ್ಡನ್ ಮನೆ ಕೆಡವಲಿಲ್ಲ. ಕೇಡ್ ಕನ್ನಿಂಗ್‌ಹ್ಯಾಮ್, ಜೇಲನ್ ಡ್ಯೂರನ್, ಆಸಾರ್ ಥಾಂಪ್ಸನ್ ಎಲ್ಲರನ್ನೂ ಉಳಿಸಿಕೊಂಡು ಟೋಬಿಯಾಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮಲಿಕ್ ಬೀಸ್ಲಿಯಂಥ ಅನುಭವಿಗಳನ್ನು ಸೇರಿಸಿದರು. ಒಂದು ವರ್ಷಕ್ಕೆ 60 ಲಕ್ಷ ಡಾಲರ್‌ಗೆ ಬಂದ ಬೀಸ್ಲಿ ಆ ಸೀಸನ್‌ನಲ್ಲಿ 319 ಸಲ ಮೂರು ಅಂಕದ ಎಸೆತವನ್ನು ಬುಟ್ಟಿಗೆ ಹಾಕಿದರು. 14 ಗೆಲುವು ಒಂದೇ ವರ್ಷದಲ್ಲಿ 44 ಆಯಿತು.

ಇದರ ಶ್ರೇಯ ಯಾರಿಗೆ? ಹುಡುಗರನ್ನು ತಂದವರು ವೀವರ್. 2020ರಲ್ಲಿ ಏಳನೇ ಪಿಕ್‌ನಲ್ಲಿ ಕಿಲಿಯನ್ ಹೇಯ್ಸ್‌ರನ್ನು ಆರಿಸಿ, 12ನೇ ಸ್ಥಾನದವರೆಗೂ ಉಳಿದಿದ್ದ ಟೈರೀಸ್ ಹ್ಯಾಲಿಬರ್ಟನ್‌ರನ್ನು ಬಿಟ್ಟವರೂ ಅವರೇ. ಒಟ್ಟಾರೆ ನೋಡಿದರೆ ಅವರ ಆಯ್ಕೆಗಳು ಅವರ ಗೆಲುವಿನ ಪಟ್ಟಿಗಿಂತ ಎಷ್ಟೋ ಚೆನ್ನಾಗಿದ್ದವು. ಆದರೆ ಕನ್ನಿಂಗ್‌ಹ್ಯಾಮ್ ಚೆಂಡು ಹಿಡಿದು ಒಳನುಗ್ಗಿದಾಗ ಹೊರಗೆ ನಿಂತು ಎಸೆಯಬಲ್ಲವರು ಸಾಕಷ್ಟಿರಲಿಲ್ಲ. ಸಾಮಾನು ಒಳ್ಳೆಯದನ್ನೇ ತಂದು ಅಡುಗೆ ಕೆಡಿಸಿದರು. ಒಂದು ತಂಡ ಕಟ್ಟಡದ ಹಂತದಲ್ಲಿದೆ ಎನ್ನುವ ನೆಪದಲ್ಲಿ ಇಂಥ ಕೆಡಿಸುವಿಕೆಯನ್ನು ವರ್ಷಗಟ್ಟಲೆ ಕ್ಷಮಿಸುತ್ತಾರೆ. ಲ್ಯಾಂಗ್ಡನ್‌ರ ಒಂದು ಸೀಸನ್ ಆ ನೆಪದ ಬಣ್ಣ ಬಯಲು ಮಾಡಿತು.

ತೀರ್ಪು ಯಾವಾಗ ಕೊಡಬೇಕು ಎಂಬುದೂ ತೊಡಕಿನ ವಿಷಯ. 2022ರ ಫೆಬ್ರವರಿಯಲ್ಲಿ ಸ್ಯಾಕ್ರಮೆಂಟೊದ ಮಾಂಟೆ ಮೆಕ್‌ನೇರ್ ಇದೇ ಹ್ಯಾಲಿಬರ್ಟನ್‌ರನ್ನು ಇಂಡಿಯಾನಾಗೆ ಕೊಟ್ಟು ಡೊಮಾಂಟಸ್ ಸಬೋನಿಸ್‌ರನ್ನು ತಂದರು. ಅಂದು ಬೈದವರೇ ಬಹಳ. 2023ರಲ್ಲಿ ಕಿಂಗ್ಸ್ 48 ಪಂದ್ಯ ಗೆದ್ದು, 2006ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು, ಮೆಕ್‌ನೇರ್ ವರ್ಷದ ಶ್ರೇಷ್ಠ ಕಾರ್ಯನಿರ್ವಾಹಕ ಎನಿಸಿಕೊಂಡರು. 2025ರ ಏಪ್ರಿಲ್‌ನಲ್ಲಿ ಅವರ ಕೆಲಸ ಹೋಯಿತು, ಎರಡು ತಿಂಗಳಿಗೆ ಹ್ಯಾಲಿಬರ್ಟನ್ ಇಂಡಿಯಾನಾವನ್ನು ಫೈನಲ್‌ಗೆ ಒಯ್ದರು. ಮೂರು ತಾರೀಖು, ಮೂರು ತೀರ್ಪು. ವ್ಯಾಪಾರ ಒಂದೇ. ನನ್ನ ಮಟ್ಟಿಗೆ, 21 ವರ್ಷದ, ಇನ್ನೂ ಅಗ್ಗದ ಸಂಬಳದಲ್ಲಿದ್ದ ಆಟಗಾರನನ್ನು ಕೊಟ್ಟದ್ದು ಅಂದಿಗೇ ತಪ್ಪು. ಆದರೆ 16 ಸೀಸನ್ ಪ್ಲೇಆಫ್ ಕಾಣದ ಊರಿಗೆ ಅದನ್ನು ಕಾಣಿಸುವುದೇ ಗುರಿಯಾಗಿದ್ದರೆ, ಅವರು ಗುರಿ ಮುಟ್ಟಿದರು ಎನ್ನದೆ ಗತಿಯಿಲ್ಲ. ಮ್ಯಾನೇಜರ್ ಏನನ್ನು ಬಯಸಿ ಹೊರಟಿದ್ದ ಎಂದು ಕೇಳದೆ ಅಂಕ ಕೊಡುವುದು ಅನ್ಯಾಯ.

ಯೂಟಾ ತಂಡಕ್ಕೆ ಈ ಪ್ರಶ್ನೆ ಕೇಳಿದರೆ ಉತ್ತರ ಬಹುಕಾಲ ತೊದಲುತ್ತಿತ್ತು. 2022ರಲ್ಲಿ ಅಲ್ಲಿನ ಆಡಳಿತದ ಮುಖ್ಯಸ್ಥ ಡ್ಯಾನಿ ಏಂಜ್, ತಂಡದ ತಾರೆಗಳಾದ ರೂಡಿ ಗೊಬೇರ್ ಮತ್ತು ಡಾನೊವನ್ ಮಿಚೆಲ್ ಇಬ್ಬರನ್ನೂ ಕೊಟ್ಟು ಏಳು ಮೊದಲ ಸುತ್ತಿನ ಪಿಕ್‌ಗಳನ್ನು ತಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದ್ದೆ. ಆದರೆ ಜೊತೆಗೆ ಬಂದ ಲೌರಿ ಮಾರ್ಕನೆನ್ ತಾರೆಯಾಗಿ ಬೆಳೆದು ಮೊದಲ ವರ್ಷ 37 ಪಂದ್ಯ ಗೆಲ್ಲಿಸಿಬಿಟ್ಟರು, ಮರುವರ್ಷ ಗೆಲುವು 31ಕ್ಕಿಳಿಯಿತು. ಪ್ಲೇಆಫ್‌ಗೆ ಕಡಿಮೆ, ಲಾಟರಿಗೆ ಹೆಚ್ಚು: ಒಂಬತ್ತನೇ ಪಿಕ್, ಆಮೇಲೆ ಹತ್ತನೇ ಪಿಕ್. ಕೊನೆಗೆ 2025ರಲ್ಲಿ ತಳಕ್ಕಿಳಿದಾಗ ಲಾಟರಿ ಕೈಕೊಟ್ಟಿತು, ಮಾರ್ಕನೆನ್‌ರನ್ನು ಆಡಿಸದೆ ಕೂರಿಸಿದ್ದಕ್ಕೆ ಲೀಗ್ ಒಂದು ಲಕ್ಷ ಡಾಲರ್ ದಂಡವನ್ನೂ ಹಾಕಿತು. ಎರಡು ದೋಣಿಯಲ್ಲಿ ಕಾಲಿಟ್ಟವರ ಕಥೆ ಇದು. ಇತ್ತ ಗೊಬೇರ್ ಸೇರಿದ ಮಿನೆಸೋಟಾ 2024, 2025 ಎರಡೂ ವರ್ಷ ಪಶ್ಚಿಮ ವಿಭಾಗದ ಫೈನಲ್ ಆಡಿತು. ಕೊಂಡವರು ಗೆಲ್ಲುತ್ತಾ ಹೋದಷ್ಟೂ ಅವರು ಕೊಟ್ಟ ಚೀಟಿಯ ಬೆಲೆ ಇಳಿಯುತ್ತದೆ. ಪಿಕ್‌ಗಳ ಸಂಖ್ಯೆ ಹೇಳಿ ಬೀಗುವವರು ಈ ಭಾಗವನ್ನು ಹೇಳುವುದಿಲ್ಲ.

2025ರ ಫೈನಲ್ಸ್‌ನ ಏಳನೇ ಪಂದ್ಯವನ್ನು ನಾನು ಇದೇ ಕಣ್ಣಿನಿಂದ ನೋಡಿದೆ. ಡೆಟ್ರಾಯಿಟ್ ಆರಿಸದೆ ಬಿಟ್ಟ, ಸ್ಯಾಕ್ರಮೆಂಟೊ ಬಿಟ್ಟುಕೊಟ್ಟ ಹ್ಯಾಲಿಬರ್ಟನ್ ಮೊದಲ ಕ್ವಾರ್ಟರ್‌ನಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕುಸಿದರು. ಅವರಿಲ್ಲದ ಇಂಡಿಯಾನಾವನ್ನು ಬೆಂಚಿನಿಂದ ಎದ್ದು ಬಂದು 16 ಅಂಕ ಗಳಿಸಿ ಎತ್ತಿ ಹಿಡಿಯಲು ನೋಡಿದವರು ಟಿ.ಜೆ. ಮೆಕಾನಲ್. 2015ರ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದ ಅವರನ್ನು ಕರೆದು ಮೊದಲ ಕೆಲಸ ಕೊಟ್ಟದ್ದು ಹಿಂಕಿಯ ಫಿಲಡೆಲ್ಫಿಯಾ. ಎದುರಿನ ಬೆಂಚಿನಲ್ಲಿ ಇಸಾಯಾ ಜೋ ಇದ್ದರು, ಫಿಲಡೆಲ್ಫಿಯಾವೇ 2020ರಲ್ಲಿ ಆರಿಸಿ 2022ರಲ್ಲಿ ಕೈಬಿಟ್ಟಿದ್ದ ಹುಡುಗ. ಪ್ರೆಸ್ಟಿ ಅವರನ್ನು ಒಂದು ಪಿಕ್ಕನ್ನೂ ಕೊಡದೆ ಕರೆದುಕೊಂಡಿದ್ದರು. ಓಕ್ಲಹೋಮಾ ಸಿಟಿ 103–91ರಿಂದ ಗೆದ್ದಿತು. ಗೆದ್ದ ರಾತ್ರಿಯೂ ಅವರ ಪೆಟ್ಟಿಗೆಯಲ್ಲಿ ಇತರ ತಂಡಗಳಿಂದ ಬರಬೇಕಾದ ಮೊದಲ ಸುತ್ತಿನ ಪಿಕ್‌ಗಳು ಖರ್ಚಾಗದೆ ಉಳಿದಿದ್ದವು.